ನಲವತ್ತನೆಯ ಗುಂಡುಸೂಜಿ

ನಾಲ್ಕನೆಯ ಸಲ ಎಣಿಸಿದಾಗಲೂ ಮೂವತ್ತೊಂಬತ್ತೇ ಬಂದವು. ದರ್ಜಿ ಗುಂಡುಸೂಜಿಗಳನ್ನು ಅಂಗಡಿಯ ದೊಡ್ಡ ಮೇಜಿನ ಮೇಲೆ ಹತ್ತು ಹತ್ತರ ಸಾಲಾಗಿ ಜೋಡಿಸಿದ್ದ. ಮೂರು ಸಾಲು ಭರ್ತಿಯಾಗಿದ್ದವು, ನಾಲ್ಕನೆಯದರ ಕೊನೆಗೆ ಒಂದು ಸೂಜಿಯಷ್ಟು ಜಾಗ ಬೋಳಾಗಿ ಉಳಿದಿತ್ತು. ಮೇಜಿನ ಕೆಳಗೆ ಬಗ್ಗಿ ನೋಡಿದ. ಹಳೆಯ ರೇಡಿಯೋದ ಸ್ಪೀಕರಿನಿಂದ ಕಿತ್ತಿಟ್ಟುಕೊಂಡಿದ್ದ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆಲ್ಲ ಎಳೆದಾಡಿದ. ಅದಕ್ಕೆ ಮುರಿದ ಮೆಷಿನ್ ಸೂಜಿಯೊಂದು, ಎರಡು ಹುಕ್ಕು, ಎಂದೋ ಹುಡುಕಿ ಹುಡುಕಿ ಕೈಬಿಟ್ಟಿದ್ದ ಒಂದು ಸ್ಕ್ರೂ ಅಂಟಿಕೊಂಡು ಬಂದವೇ ಹೊರತು ಗುಂಡುಸೂಜಿ ಬರಲಿಲ್ಲ. ಅಂದರೆ ಅದು ಇಲ್ಲಿಲ್ಲ. ಇಲ್ಲಿಲ್ಲವೆಂದರೆ ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದುದನ್ನು ಒಪ್ಪಿಕೊಳ್ಳಲು ಮನಸ್ಸು ಬಾರದೆ ಐದನೆಯ ಸಲ ಎಣಿಸಲು ಶುರುಮಾಡಿದ.

"ರೀ, ಎಂಟೂವರೆ ಆಯ್ತು," ಎಂದಳು ಹೆಂಡತಿ, ಒಳಬಾಗಿಲಲ್ಲಿ ನಿಂತು ಕಿವಿಗೆ ಓಲೆ ಸಿಕ್ಕಿಸಿಕೊಳ್ಳುತ್ತ. "ಜ್ಞಾನಸ್ನಾನಕ್ಕೆ ಹೋಗ್ತೀವೋ, ಇಲ್ಲ ಆ ಮಗು ಮದುವೆಗೇ ನೇರವಾಗಿ ಹೋಗಿಬಿಡೋಣವೋ?"

"ಒಂದು ಕಮ್ಮಿ ಇದೆ."

"ಏನು ಕಮ್ಮಿ?"

"ಪಿನ್ನು."

ಅವಳು ಓಲೆಯ ತಿರುಪನ್ನು ತಿರುಗಿಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಇಪ್ಪತ್ತೆಂಟು ವರ್ಷ ದರ್ಜಿಯ ಜೊತೆ ಬಾಳಿದವಳಿಗೆ ಆ ಒಂದು ಮಾತು ಸಾಕಾಗಿತ್ತು. ಆದರೂ, "ಎಲ್ಲೋ ಬಿದ್ದಿರತ್ತೆ ಬಿಡಿ. ನಿಮ್ಮ ಅಂಗಡೀಲಿ ಬಿದ್ದಿದ್ದು ಯಾವಾಗ ಸಿಕ್ಕಿದೆ? ಏಳಿ, ಕೋಟು ಹಾಕ್ಕೊಳ್ಳಿ," ಎಂದು ಒಳಗೆ ಹೋದಳು. ಅವಳ ದನಿಯಲ್ಲಿ ಬೇಕೆಂದೇ ತಂದುಕೊಂಡ ಹಗುರ ಇತ್ತು. ಅದನ್ನು ಕೇಳಿ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

ಹೊಲಿದ ಬಟ್ಟೆ ಅಂಗಡಿಯ ಹೊಸಿಲು ದಾಟುವ ಮೊದಲು ನಲವತ್ತು ಪಿನ್ನೂ ದಿಂಬಿಗೆ ವಾಪಸು ಬಂದಿರಬೇಕು ಎಂಬುದು ಅಪ್ಪನ ಕಟ್ಟಳೆ. ಅಪ್ಪ ಅದನ್ನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ, ಎಣಿಸುತ್ತಿದ್ದ, ಅಷ್ಟೆ. ಗಿರಾಕಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರೂ, ಮದುಮಗನ ಕಾರು ಹೊರಗೆ ಹಾರ್ನ್ ಹೊಡೆಯುತ್ತಿದ್ದರೂ ಎಡಗೈಗೆ ಕಟ್ಟಿಕೊಂಡ ಪುಟ್ಟ ದಿಂಬಿನ ಮೇಲೆ ಬೆರಳಾಡಿಸಿ ಎಣಿಸಿದ ಮೇಲೇ ಬಟ್ಟೆ ಮಡಿಸುತ್ತಿದ್ದ. ಮಗನೂ ಮೂವತ್ತು ವರ್ಷ ಹಾಗೇ ಮಾಡಿಕೊಂಡು ಬಂದಿದ್ದ. ಶುಕ್ರವಾರ ಮಧ್ಯಾಹ್ನ ಮಾತ್ರ ತಪ್ಪಿತು. ಕೊನೆಯ ಹೊಲಿಗೆಯ ದಾರ ಕಡಿದ ತಕ್ಷಣ ಹೆಂಡತಿ ಜ್ಞಾನಸ್ನಾನದ ಬಿಳಿ ಅಂಗಿಯನ್ನು ಅವನ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದಳು. ಅಂಗೈಯಷ್ಟು ಎದೆ, ಹೆಬ್ಬೆರಳು ತೂರುವಷ್ಟು ತೋಳು, ಪಾದ ದಾಟಿ ಒಂದು ಮೊಳ ಇಳಿಬೀಳುವ ನೆರಿಗೆ. "ಅಯ್ಯೋ, ಇದರೊಳಗೆ ಒಂದು ಜೀವ ಹಿಡಿಸತ್ತೇನ್ರೀ?" ಎಂದು ನಗುತ್ತ ನಗುತ್ತ ಅವಳು ಅತ್ತುಬಿಟ್ಟಳು, ಇವನು ಎಣಿಸುವುದನ್ನು ಮರೆತು ಅವಳನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಅಂಗಿಯನ್ನು ಒಯ್ಯಲು ಅಪ್ಪನ ತಂಗಿ ಕಾಜಾ ಅತ್ತೆ ಬಂದೇಬಿಟ್ಟಿದ್ದಳು. ಮಡಿಸಿ ಕೊಟ್ಟೂ ಆಯಿತು. ಆ ಅಂಗಿ ಎರಡು ಪದರದ್ದು. ಮೇಲಿನ ಬಟ್ಟೆಗೂ ಒಳಗಿನ ಲೈನಿಂಗಿಗೂ ನಡುವೆ ಸೂಜಿ ಮಲಗಿದ್ದರೆ ಸವರಿ ನೋಡಿದ ಕೈಗೆ ಸಿಕ್ಕುವುದಿಲ್ಲ. ಮಗುವನ್ನು ಎತ್ತಿ ಎದೆಗೊತ್ತಿಕೊಂಡಾಗಲೇ ಅದು ತಾನಿರುವುದನ್ನು ತೋರಿಸಿಕೊಡುವುದು. ಎರಡು ತಿಂಗಳ ಮೈ.

ಚರ್ಚಿಗೆ ಕಾಲು ಗಂಟೆಯ ದಾರಿ. ಮುಚ್ಚಿದ ಅಂಗಡಿಗಳ ಸಾಲು, ಲಾಂಡ್ರಿಯ ಗಾಜಿನ ಹಿಂದೆ ತೂಗಾಡುವ ಯಾರದೋ ಪ್ಯಾಂಟುಗಳು, ಬ್ರೆಡ್ಡಿನ ಭಟ್ಟಿಯಿಂದ ಬೀದಿಯವರೆಗೂ ಬರುವ ವಾಸನೆ. ಎಲ್ಲ ಭಾನುವಾರದ ಹಾಗೇ ಇತ್ತು, ಅದೇ ಅವನಿಗೆ ಸಹಿಸಲಾಗಲಿಲ್ಲ. ನಡೆಯುತ್ತಲೇ ಅವನು ಕೋಟಿನ ಜೇಬು, ಷರ್ಟಿನ ಕಾಲರು, ಪ್ಯಾಂಟಿನ ಮಡಿಕೆ ಎಲ್ಲ ತಡಕಿದ. ಸೂಜಿ ನನ್ನ ಮೈಮೇಲೇ ಎಲ್ಲಾದರೂ ಚುಚ್ಚಿಕೊಂಡಿರಲಿ ದೇವರೇ, ನನಗೇ ಚುಚ್ಚಲಿ. "ಏನ್ರೀ, ಇರುವೆ ಹತ್ತಿದ್ಯಾ?" ಎಂದಳು ಹೆಂಡತಿ. ಒಳಜೇಬಿನಲ್ಲಿ ಸಿಕ್ಕಿದ್ದು ಒಂದು ದಾರದ ಸುರುಳಿ. ಅದನ್ನು ತೆಗೆಯದೆ ಹಾಗೇ ಬೆರಳಲ್ಲಿ ಹಿಡಿದುಕೊಂಡು ನಡೆದ.

ಆ ದಾರ ಬಂದು ಮೂರು ವಾರವಾಗಿತ್ತು. ಅದನ್ನು ತಂದವಳೂ ಕಾಜಾ ಅತ್ತೆಯೇ. ಅಪ್ಪನ ಅಂಗಡಿಯಲ್ಲಿ ನಲವತ್ತು ವರ್ಷ ಗುಂಡಿಯ ತೂತಿಗೆ ಕಾಜಾ ಮಾಡಿ, ಗುಂಡಿ ಹೊಲಿದು ಆ ಹೆಸರು ಪಡೆದವಳು, ಊರಿನವರಿಗೆಲ್ಲ ಅತ್ತೆ. ಅವಳು ಅಂಗಡಿಗೆ ಬಂದು, ಏನೂ ಪೀಠಿಕೆ ಹಾಕದೆ, ಕಾಗದದಲ್ಲಿ ಸುತ್ತಿದ್ದ ಬಿಳಿ ದಾರವನ್ನು ಮೇಜಿನ ಮೇಲಿಟ್ಟಿದ್ದಳು. ದಾರದಲ್ಲಿ ಮೂರು ಗಂಟುಗಳಿದ್ದವು. ಎದೆ ಸುತ್ತಳತೆಗೆ ಒಂದು, ತೋಳಿಗೆ ಒಂದು, ಕತ್ತಿನಿಂದ ಪಾದಕ್ಕೆ ಒಂದು. "ನಿನ್ನ ತಮ್ಮ ಕಳಿಸಿದಾನೆ," ಎಂದಳು. ಎಳೆಮಕ್ಕಳಿಗೆ ಟೇಪು ಹಿಡಿಯಬಾರದು, ತಣ್ಣಗಿರುತ್ತದೆ, ಬೆಚ್ಚಿಬೀಳುತ್ತವೆ ಎಂದು ಅಪ್ಪ ದಾರದಲ್ಲಿ ಅಳೆದು ಗಂಟು ಹಾಕುತ್ತಿದ್ದ. ತಮ್ಮನಿಗೆ ಸೂಜಿಗೆ ದಾರ ಪೋಣಿಸಲೂ ಬರದು. ಅವನು ಎಲೆಕ್ಟ್ರಿಷಿಯನ್, ಅಂಗಡಿಗೆ ಬರುತ್ತಿದ್ದುದು ಚಹಾ ಕುಡಿಯಲಿಕ್ಕೆ. ಆದರೆ ಅದನ್ನು ನೋಡಿ ನೆನಪಿಟ್ಟುಕೊಂಡಿದ್ದ. ಮಗುವನ್ನು ಮಲಗಿಸಿ, ಆ ದಪ್ಪ ಬೆರಳುಗಳಲ್ಲಿ ಗಂಟು ಹಾಕಿದ್ದ. ಆರು ವರ್ಷದಲ್ಲಿ ಅಣ್ಣತಮ್ಮಂದಿರ ನಡುವೆ ಹೋಗಿಬಂದದ್ದು ಅಂತ ಇದ್ದರೆ ಆ ದಾರ ಒಂದೇ. ದರ್ಜಿ ಆವತ್ತು ಅತ್ತೆಯ ಎದುರಿಗೆ, "ನೋಡೋಣ, ಕೈಯಲ್ಲಿ ಕೆಲಸ ಜಾಸ್ತಿ ಇದೆ," ಎಂದು ಗತ್ತಿನಿಂದ ಹೇಳಿ, ಅವಳು ಬೀದಿ ತಿರುಗುವಷ್ಟರಲ್ಲಿ ಅಂಗಡಿಯ ಬಾಗಿಲು ಹಾಕಿಕೊಂಡು ಬಟ್ಟೆ ಆರಿಸಲು ಕೂತಿದ್ದ.

ಆರು ವರ್ಷದ ಹಿಂದೆ ಆದದ್ದು ಹೇಳಿಕೊಂಡರೆ ನಗೆಪಾಟಲಾಗುವಂಥ ಸಂಗತಿ. ಅಪ್ಪ ಸತ್ತಾಗ ಕೊನೆಯ ಕೋಟನ್ನು ದೊಡ್ಡ ಮಗನಾದ ತಾನೇ ಹೊಲಿಯಬೇಕೆಂದು ಹಟ ಹಿಡಿದು ಒಂದೇ ದಿನದಲ್ಲಿ ಹೊಲಿದಿದ್ದ. ಕಪ್ಪು ಕೋಟು, ಒಳ್ಳೆಯ ಬಟ್ಟೆ. ಇದೇ ಚರ್ಚಿನಲ್ಲಿ, ಪೀಠದ ಮುಂದೆ ಪೆಟ್ಟಿಗೆ ಇಟ್ಟಿದ್ದರು. ಜನ ಸಾಲಾಗಿ ಬಂದು ನೋಡಿ ಹೋಗುತ್ತಿದ್ದರು. ತಮ್ಮ ಬಂದು ನಿಂತ, ಸುಮಾರು ಹೊತ್ತು ನಿಂತ, ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ, "ಅಣ್ಣಾ, ಬಲಗಡೆ ತೋಳು ಗಿಡ್ಡ ಆಗಿದೆಯಲ್ಲಾ," ಎಂದ. ಅಷ್ಟೆ. ಎರಡು ಬೆರಳಿನಷ್ಟು ಗಿಡ್ಡ. ಅಪ್ಪನ ಮಣಿಕಟ್ಟು ಹೊರಗೆ ಕಾಣುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ಅಪ್ಪನ ಮುಖ ಬಿಟ್ಟು ತೋಳು ನೋಡಿದರು, ತೋಳು ಬಿಟ್ಟು ಇವನನ್ನು ನೋಡಿದರು. ಊರಿಗೆಲ್ಲ ಕೋಟು ಹೊಲಿದವನಿಗೆ ಹೆತ್ತಪ್ಪನ ಕೋಟು ಹೊಲಿಯಲು ಬರಲಿಲ್ಲ. ಯಾರೂ ಹಾಗೆ ಅನ್ನಲಿಲ್ಲ. ಆದರೆ ಅವನ ಕಿವಿಯಲ್ಲಿ ಆ ಮಾತು ಆರು ವರ್ಷದಿಂದ ಇದೆ. ಆವತ್ತು ಹೊರಗೆ ಬಂದು ತಮ್ಮನಿಗೆ, "ಇನ್ನು ನಿನ್ನ ಮುಖ ನೋಡಲ್ಲ," ಎಂದಿದ್ದ. ತಮ್ಮನ ಮದುವೆಯ ದಿನ ಅಂಗಡಿ ತೆರೆದು ಗಿರಾಕಿಗಳಿಲ್ಲದೆ ಕೂತಿದ್ದ. ಹೆಂಡತಿ ಮಾತ್ರ ಹೋಗಿ ಬಂದಿದ್ದಳು. ಏನಾಯಿತು, ಯಾರು ಬಂದಿದ್ದರು ಎಂದು ಅವನು ಕೇಳಲಿಲ್ಲ, ಅವಳೂ ಅವನಿಗೆ ಹೇಳಲಿಲ್ಲ, ಅವನಿಗೆ ಕೇಳಿಸುವ ಹಾಗೆ ಪಕ್ಕದ ಮನೆಯವಳಿಗೆ ಎಲ್ಲ ಹೇಳಿದಳು.

ಆ ತೋಳು ಯಾಕೆ ಗಿಡ್ಡವಾಯಿತು ಎಂಬುದು ಅವನೊಬ್ಬನಿಗೆ ಗೊತ್ತಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಚರ್ಚಿನ ಗೇಟಿನ ಹತ್ತಿರ ಬಂದಾಗ ಕಾಲು ಭಾರವಾಯಿತು. ಅಂಗಳದಲ್ಲಿ ಮೂವತ್ತು ನಲವತ್ತು ಜನ, ಹೆಚ್ಚುಕಡಿಮೆ ಆವತ್ತು ಪೆಟ್ಟಿಗೆಯ ಮುಂದೆ ಸಾಲಿನಲ್ಲಿದ್ದವರೇ. ಈಗ ಇವರ ಮುಂದೆ ಎರಡನೆಯ ಸಲ ಮಾನ ಹೋಗಬೇಕು, ಅದೂ ತನ್ನ ಬಾಯಿಂದಲೇ. ಯಾರೋ, "ಓಹೋ, ಟೈಲರ್ ಸಾಹೇಬರು!" ಎಂದರು, ಅದರಲ್ಲಿ ಕೊಂಕೇನೂ ಇರಲಿಲ್ಲ, ಆದರೂ ಅವನ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ತಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದ. ಕೂದಲು ನೆರೆತಿತ್ತು. ಅದು ದರ್ಜಿಗೆ ಗೊತ್ತಿರಲಿಲ್ಲ, ತಮ್ಮನಿಗೆ ನಲವತ್ತು ದಾಟಿದ್ದನ್ನು ಲೆಕ್ಕ ಹಾಕಿರಲಿಲ್ಲ. ತಮ್ಮ ಎದುರಿಗೆ ನಿಂತು ಅಣ್ಣನ ಕೈಹಿಡಿದು ಮೇಲೆ ಕೆಳಗೆ ಅಲ್ಲಾಡಿಸುತ್ತಲೇ ಇದ್ದ. ಪಂಪಿನಿಂದ ನೀರೆತ್ತುವವನ ಹಾಗೆ.

"ಬಂದ್ಯಲ್ಲ," ಎಂದ ಕೊನೆಗೆ.

"ಬರದೆ ಏನು," ಎಂದ ಇವನು.

ಈಗಲೇ ಹೇಳಿಬಿಡಬೇಕು. ಅಂಗಿ ಎಲ್ಲಿದೆ, ಒಂದು ನಿಮಿಷ ಕೊಡು, ಸುಮ್ಮನೆ ಒಂದು ದಾರ ಕತ್ತರಿಸಬೇಕು ಅಂತ ಏನಾದರೂ ನೆಪ ಹೇಳಬಹುದು. ಆದರೆ ತಮ್ಮನ ಮುಖ ಆ ಹೊತ್ತಿನಲ್ಲಿ ಎಷ್ಟು ತುಂಬಿಕೊಂಡಿತ್ತೆಂದರೆ ಅದರ ಮೇಲೆ ಸೂಜಿಯ ಮಾತು ಎತ್ತಲು ನಾಲಿಗೆ ಹೊರಳಲಿಲ್ಲ. ತಮ್ಮನ ಹೆಂಡತಿ ಬಂದಳು, ಟವೆಲಿನಲ್ಲಿ ಸುತ್ತಿದ ಮಗುವನ್ನು ಅವನ ಮುಖದ ಹತ್ತಿರ ಹಿಡಿದು, "ಪುಟ್ಟೀ, ದೊಡ್ಡಪ್ಪ ನೋಡು. ನಿಂಗೆ ಅಂಗಿ ಹೊಲಿದ ದೊಡ್ಡಪ್ಪ," ಎಂದಳು. "ಭಾವಾ, ಎಷ್ಟು ಚೆನ್ನಾಗಿದೆ ಗೊತ್ತಾ? ನಮ್ಮ ಅಮ್ಮ ಅಂತೂ ಅಂಗಡೀಲಿ ತಂದಿದ್ದು ಅಂದ್ಕೊಂಡಿದ್ರು." ಮಗು ದೊಡ್ಡಪ್ಪನನ್ನು ನೋಡಲಿಲ್ಲ, ಅವನ ತಲೆಯ ಮೇಲಿದ್ದ ಆಕಾಶವನ್ನು ನೋಡಿತು. ಕತ್ತಿನ ಮಡಿಕೆಯಲ್ಲಿ ಪೌಡರು ಕೂತಿತ್ತು. ಆ ಕತ್ತಿನ ಕೆಳಗೆ ಎದೆ ಸಣ್ಣಗೆ ಏರಿಳಿಯುತ್ತಿತ್ತು. "ಅಂಗಿ ಈಗ್ಲೇ ಹಾಕಲ್ವಾ?" ಎಂದು ಕೇಳಿದ, ಒಣಗಿದ ದನಿಯಲ್ಲಿ. "ಇಲ್ಲ ಭಾವಾ, ನೀರು ಹಾಕಿದ ಮೇಲೆ ಅಲ್ವಾ ಬಿಳಿ ವಸ್ತ್ರ? ಕಾಜಾ ಅತ್ತೆ ಮಡಿಲಲ್ಲಿ ಇಟ್ಕೊಂಡಿದಾರೆ. ಯಾರಿಗೂ ಮುಟ್ಟಕ್ಕೇ ಬಿಡ್ತಿಲ್ಲ." ಹಾಗಾದರೆ ಇನ್ನೂ ಹೊತ್ತಿದೆ. ಗಲ್ಲಿಗೆ ಹೋಗುವವನಿಗೆ ಚಹಾ ಕೊಟ್ಟಷ್ಟು ಸಮಾಧಾನ ಅವನಿಗಾಯಿತು.

ಮುಂದಿನ ಬೆಂಚಿಗೆ ಬಾ ಎಂದು ತಮ್ಮ ಎಷ್ಟು ಕರೆದರೂ ಹೋಗದೆ ಬಾಗಿಲ ಹತ್ತಿರದ ಕೊನೆಯ ಬೆಂಚಿನಲ್ಲಿ ಕೂತ. ಹೆಂಡತಿ ಅವನನ್ನು ಒಮ್ಮೆ ನೋಡಿ ಮುಂದೆ ಹೋದಳು. ಅವಳಿಗೆ ತಮ್ಮನ ಮನೆಯವರ ನಡುವೆ ಜಾಗ ಇತ್ತು, ಆರು ವರ್ಷದಿಂದ ಇತ್ತು. ಕೂತ ಜಾಗದಿಂದ ಕಾಜಾ ಅತ್ತೆಯ ಬೆನ್ನು ಕಾಣುತ್ತಿತ್ತು. ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊರುವ ಜ್ಞಾನತಾಯಿ ಅವಳೇ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ. ಎದ್ದು ಹೋಗಿ ಅವಳ ಕಿವಿಯಲ್ಲಿ ಹೇಳಿದರೆ ಆಯಿತು. ಆದರೆ ಕಾಜಾ ಅತ್ತೆಯ ಕಿವಿ ಮಂದ. ಅವಳ ಕಿವಿಯಲ್ಲಿ ಹೇಳುವುದೂ ಮೈಕಿನಲ್ಲಿ ಹೇಳುವುದೂ ಒಂದೇ. ಏನಾದರೂ ಒಂದು ಅಡ್ಡಿ ಅವನಿಗೆ ಸಿಗುತ್ತಲೇ ಇತ್ತು, ಅಥವಾ ಅವನೇ ಹುಡುಕಿಕೊಳ್ಳುತ್ತಿದ್ದ. ಹಾಡು ಮುಗಿಯಲಿ. ಪಾಠ ಓದುವುದು ಮುಗಿಯಲಿ. ಸೂಜಿ ಅಲ್ಲಿಲ್ಲದೆಯೂ ಇರಬಹುದು. ದಿಂಬಿನಲ್ಲಿ ಮೊದಲಿನಿಂದಲೂ ಮೂವತ್ತೊಂಬತ್ತೇ ಇದ್ದಿರಬಹುದು. ಅಪ್ಪ ತಪ್ಪು ಎಣಿಸಿರಬಹುದು. ಛೇ, ಸತ್ತವನ ತಲೆಗೆ ಕಟ್ಟುವುದೇ ಇದನ್ನು?

ಫಾದರ್ ವಯಸ್ಸಾದವರು, ಒಂದೊಂದು ಮಾತನ್ನೂ ನಿಧಾನವಾಗಿ ಇಳಿಸುವವರು. ಮಗುವಿನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಮಾಡಿ, ಈ ಮನೆ ನಿನ್ನನ್ನು ಬಹಳ ಸಂತೋಷದಿಂದ ಬರಮಾಡಿಕೊಳ್ಳುತ್ತಿದೆ ಎಂದರು. ತಂದೆ, ತಾಯಿ, ಅತ್ತೆ ಮೂವರೂ ಬಂದು ಗುರುತು ಮಾಡಿದರು. "ಬಂಧುಗಳು ಯಾರಾದರೂ ಇದ್ದರೆ ಬನ್ನಿ," ಎಂದಾಗ ತಮ್ಮ ಹಿಂದಕ್ಕೆ ತಿರುಗಿ ಕೊನೆಯ ಬೆಂಚಿನವರೆಗೂ ನೋಡಿದ. ದರ್ಜಿ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ. ಬಗ್ಗಿದಲ್ಲೇ, ಕಟ್ಟಿದ್ದ ದಾರವನ್ನು ಬಿಚ್ಚಿ ಮತ್ತೆ ಕಟ್ಟುವಾಗ, ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಪ್ಪ ಸತ್ತ ದಿನವೂ ಹೀಗೇ ಬಗ್ಗಿದ್ದ. ಅಪ್ಪನನ್ನು ಮಲಗಿಸಿದ್ದ ಕೋಣೆಗೆ ಟೇಪು ಹಿಡಿದು ಹೋಗಿದ್ದ. ಹೊದಿಕೆ ಸರಿಸಿದ. ಸಾವಿರ ಜನರ ಹೆಗಲ ಮೇಲೆ ಆಡಿದ ಕೈ, ಆ ಹೆಗಲ ಮೇಲೆ ಇಳಿಯಲಿಲ್ಲ. ಟೇಪು ಕೈಯಿಂದ ಜಾರಿ ಬಿತ್ತು, ಎತ್ತಿಕೊಳ್ಳಲು ಬಗ್ಗಿದವನು ಬಗ್ಗಿದ ಹಾಗೇ ಹೊರಗೆ ಬಂದುಬಿಟ್ಟ. ಅಂಗಡಿಗೆ ಹೋಗಿ ಹಳೆಯ ಅಳತೆ ಪುಸ್ತಕ ತೆಗೆದ. ಅಪ್ಪ ತನ್ನ ಅಳತೆಯನ್ನು ತಾನೇ ತೆಗೆದು ಬರೆದಿಟ್ಟದ್ದು, ಇಪ್ಪತ್ತು ವರ್ಷದ ಹಿಂದಿನದು. ತೋಳು ಇಷ್ಟು ಎಂದು ಒಂದೇ ಅಂಕಿ. ದರ್ಜಿಗಳು ಒಂದೇ ತೋಳು ಅಳೆಯುತ್ತಾರೆ, ಎರಡೂ ಒಂದೇ ಎಂಬ ಲೆಕ್ಕ. ಆದರೆ ನಲವತ್ತು ವರ್ಷ ಭಾರದ ಕತ್ತರಿ ಹಿಡಿದು ಅಪ್ಪನ ಬಲ ಹೆಗಲು ಕುಸಿದಿತ್ತು, ಕೈ ಕೆಳಗಿಳಿದಿತ್ತು. ದಿನಾ ಎದುರಿಗೆ ಕೂತು ಕೆಲಸ ಮಾಡಿದ ಮಗನಿಗೆ ಅದು ಗೊತ್ತಿರಬೇಕಿತ್ತು. ಒಮ್ಮೆ ಮುಟ್ಟಿದ್ದರೆ ಗೊತ್ತಾಗುತ್ತಿತ್ತು.

ತಲೆ ಎತ್ತಿದಾಗ ಎಲ್ಲರೂ ತೊಟ್ಟಿಯ ಸುತ್ತ ನಿಂತಿದ್ದರು. ನೀರು ಸುರಿಯುವ ಸದ್ದು ಕೇಳಿಸಿತು, ಒಂದು ಸಲ, ಎರಡು ಸಲ, ಮೂರನೆಯದಕ್ಕೆ ಮಗು ಬಾಯಿ ತೆಗೆಯಿತು. ಅದೆಂಥ ಗಂಟಲು! ಚರ್ಚಿನ ಮಾಡಿಗೆ ಹೋಗಿ ಬಡಿದು ವಾಪಸು ಬಂತು. ಜನ ನಕ್ಕರು. ಯಾರೋ, "ಅವರಪ್ಪನ ಹಾಗೇ," ಎಂದರು. ತಮ್ಮ ಹುಟ್ಟಿದ ದಿನ ನೆನಪಿಗೆ ಬಂತು: ಇವನಿಗೆ ಹತ್ತು ವರ್ಷ, ಬಾಗಿಲಾಚೆ ನಿಂತು ಇದೇ ದನಿ ಕೇಳಿದ್ದ, ಅಪ್ಪ ಹೊರಗೆ ಬಂದು, "ನಿಂಗೊಬ್ಬ ತಮ್ಮ," ಎಂದು ಅವನ ತಲೆಯ ಮೇಲೆ ಕೈಯಿಟ್ಟಿದ್ದ. ಫಾದರ್ ಮಗುವಿನ ನೆತ್ತಿಗೆ ಎಣ್ಣೆ ಹಚ್ಚಿದರು. ತಾಯಿ ಟವೆಲಿನಿಂದ ಒರೆಸಿದಳು. "ಬಿಳಿ ವಸ್ತ್ರ," ಎಂದರು ಫಾದರ್. ಕಾಜಾ ಅತ್ತೆ ಮಡಿಲಿನ ಕಾಗದ ಬಿಚ್ಚಿ ಅಂಗಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಳು, ಮತ್ತು ಆ ಅಷ್ಟು ದೂರದಿಂದಲೂ ಅದು ಎಷ್ಟು ಚೆನ್ನಾಗಿ ಬಂದಿದೆ ಎಂದು ಅವನಿಗೆ ಕಂಡಿತು.

"ನಿಲ್ಲಿ!"

ಕೂಗಿದ್ದು ತಾನೇ ಎಂದು ಅವನಿಗೆ ತಿಳಿದದ್ದು ಎಲ್ಲರ ಮುಖ ತನ್ನ ಕಡೆ ತಿರುಗಿದ ಮೇಲೆ. ಬೆಂಚುಗಳ ನಡುವಿನ ದಾರಿಯಲ್ಲಿ ಅವನು ಓಡುತ್ತಲೇ ಇದ್ದ, ಕೋಟಿನ ಅಂಚು ಒಂದು ಬೆಂಚಿನ ಮೂಲೆಗೆ ಸಿಕ್ಕಿ ಪರ್ ಎಂದಿತು. "ಹಾಕಬೇಡಿ, ಹಾಕಬೇಡಿ. ಅದರೊಳಗೆ ಪಿನ್ನು ಇದೆ. ಇರಬಹುದು. ಲೈನಿಂಗ್ ಒಳಗೆ. ನಾನು ಎಣಿಸಲಿಲ್ಲ. ನಂದೇ ತಪ್ಪು, ಎಣಿಸದೆ ಕಳಿಸಿಬಿಟ್ಟೆ." ಅತ್ತೆಯ ಕೈಯಿಂದ ಅಂಗಿಯನ್ನು ಕಸಿದುಕೊಂಡ. ನೆರಿಗೆ ನೆರಿಗೆ ಹಿಂಡತೊಡಗಿದ. ತನಗೇ ಚುಚ್ಚಲಿ, ರಕ್ತ ಬರಲಿ, ಬಿಳಿ ಬಟ್ಟೆ ಹಾಳಾದರೂ ಆಗಲಿ. ಮಗು ಅಳುತ್ತಲೇ ಇತ್ತು. ಹೋಯಿತು, ಮರ್ಯಾದೆ ಎರಡನೆಯ ಸಲ ಹೋಯಿತು, ಹೋಗಲಿ, ಹೋದರೆ ಹೋಗಲಿ ಎಂದುಕೊಳ್ಳುತ್ತ ಎದೆಯ ಭಾಗ ಹಿಂಡಿದ, ತೋಳು ಹಿಂಡಿದ. ಆಶ್ಚರ್ಯವೆಂದರೆ ಎದೆಯೊಳಗೆ ಬೆಳಗಿನಿಂದ ಬಿಗಿದಿದ್ದದ್ದು ಸಡಿಲವಾಗುತ್ತಿತ್ತು. ಇಷ್ಟೇನೇ? ಹೇಳಿಬಿಟ್ಟರೆ ಇಷ್ಟೇನೇ?

ಆಗ ತಮ್ಮ ಅವನ ಮಣಿಕಟ್ಟು ಹಿಡಿದುಕೊಂಡ.

"ಅಣ್ಣಾ, ಬಿಡು. ಅದರಲ್ಲಿಲ್ಲ."

"ನಿಂಗೊತ್ತಿಲ್ಲ, ಒಳಗೆ ಸೇರ್ಕೊಂಡಿದ್ರೆ ಕೈಗೆ ಸಿಗಲ್ಲ..."

"ಅದರಲ್ಲಿಲ್ಲ ಅಣ್ಣಾ. ನನ್ನ ಹತ್ರ ಇದೆ."

ತಮ್ಮ ತನ್ನ ಕೋಟಿನ ಕಾಲರು ಮಗುಚಿ ತೋರಿಸಿದ. ಅದರ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ, ಒಂದು ಗುಂಡುಸೂಜಿ ಚುಚ್ಚಿಕೊಂಡಿತ್ತು. ಉಕ್ಕಿನದು, ತಲೆ ಸವೆದದ್ದು. ದರ್ಜಿಗೆ ತನ್ನ ಸೂಜಿಯ ಗುರುತು ಸಿಕ್ಕದಿರುತ್ತದೆಯೆ?

"ಶುಕ್ರವಾರ ಅತ್ತೆ ಅಂಗಿ ತಂದಾಗ ಮ್ಯಾಗ್ನೆಟ್ಟು ಆಡಿಸಿದೆ," ಎಂದ ತಮ್ಮ. "ಅಪ್ಪಂದು. ಲಾಳದ ಥರ ಇದೆಯಲ್ಲ, ಅದು." ಅಪ್ಪ ಇರುವಾಗಲೇ ಅಂಗಡಿಯ ಸಾಮಾನು ಹಂಚಿದಾಗ ಅವನು ಒಯ್ದದ್ದು ಅದೊಂದನ್ನೇ. ಕತ್ತರಿ ಬೇಡ, ಮೆಷಿನ್ ಬೇಡ, ನಂಗದು ಸಾಕು ಎಂದಿದ್ದ. "ಅಪ್ಪ ಮಕ್ಕಳ ಬಟ್ಟೆಗೆ ಎಣಿಸಿದ ಮೇಲೂ ಮ್ಯಾಗ್ನೆಟ್ಟು ಆಡಿಸ್ತಿದ್ರು. ನಾನೂ ಸುಮ್ನೆ ಆಡಿಸಿದೆ. ಟಕ್ ಅಂತು."

"ಮತ್ತೆ ಹೇಳಬಾರದೇನೋ!" ಎಂದ ಅಣ್ಣ. ಅದು ಕೂಗಿನ ಹಾಗೂ ಇತ್ತು, ಅಳುವಿನ ಹಾಗೂ ಇತ್ತು.

ತಮ್ಮ ನೆಲ ನೋಡಿದ. "ಹೋದ ಸಲ ಬಾಯಿ ಬಿಟ್ಟು ಆರು ವರ್ಷ ಅಣ್ಣನ್ನ ಕಳ್ಕೊಂಡೆ. ಈ ಸಲ ಬಾಯಿ ಮುಚ್ಕೊಂಡಿದ್ದೆ."

ಕಾಜಾ ಅತ್ತೆ, ಏನಾಗುತ್ತಿದೆ ಎಂದು ಅರ್ಧವೂ ಕೇಳಿಸದೆ, "ಏನಂತೆ? ಏನಂತೆ ಇವರದು? ಮಗು ಚಳಿಗೆ ನಡುಗ್ತಿದೆ, ಅಣ್ಣತಮ್ಮ ಪಂಚಾಯ್ತಿ ಮಾಡ್ತಾ ನಿಂತಿದಾರೆ!" ಎಂದು ಗದರಿದಳು. ಅದರೊಂದಿಗೆ ಚರ್ಚಿಗೆ ಚರ್ಚೇ ನಕ್ಕುಬಿಟ್ಟಿತು. ಫಾದರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಮೂವತ್ತೈದು ವರ್ಷದಿಂದ ತಪ್ಪೊಪ್ಪಿಗೆ ಕೇಳ್ತಾ ಇದೀನಿ," ಎಂದರು. "ಎಲ್ಲರೂ ಪರದೆ ಹಿಂದೆ ಬಂದು ಪಿಸುಗುಡ್ತಾರೆ. ಹೀಗೆ ನಡುದಾರಿಯಲ್ಲಿ ಓಡಿಬಂದು ಹೇಳಿದವರು ನೀವೇ ಮೊದಲು. ಅಂಗಿ ನಿಮ್ಮ ಕೈಯಲ್ಲೇ ಇದೆಯಲ್ಲ, ನೀವೇ ಹಾಕಿಬಿಡಿ."

ತಮ್ಮನ ಹೆಂಡತಿ ಮಗುವನ್ನು ಮುಂದೆ ಹಿಡಿದಳು. ಅವನು ತನ್ನ ಹಿಂಡಾಟದಿಂದ ಮುದುಡಿಹೋಗಿದ್ದ ಅಂಗಿಯನ್ನು ಕೊಡವಿ, ಕತ್ತನ್ನು ಹಿಗ್ಗಲಿಸಿ, ಆ ಒದ್ದೆ ತಲೆಯ ಮೇಲಿಂದ ಇಳಿಸಿದ. ತೋಳಿನೊಳಗೆ ತನ್ನ ಎರಡು ಬೆರಳು ತೂರಿಸಿ ಒಳಗಿನಿಂದ ಪುಟ್ಟ ಮುಷ್ಟಿಯನ್ನು ಹಿಡಿದು ಹೊರಗೆಳೆದ. ಬಿಸಿಯಾಗಿತ್ತು ಮುಷ್ಟಿ. ಅದು ಅವನ ಬೆರಳನ್ನು ಬಿಡಲಿಲ್ಲ, ಇನ್ನೊಂದು ತೋಳು ಹಾಕಬೇಕೆಂದರೂ ಬಿಡಲಿಲ್ಲ. ಮಗು ಅಳು ನಿಲ್ಲಿಸಿ ಬಿಕ್ಕಿತು. ಹೆಂಡತಿ ಮೊದಲ ಬೆಂಚಿನಲ್ಲಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದುದು ಕಾಣಿಸಿತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ತಮ್ಮ ದೊಡ್ಡ ಬತ್ತಿಯಿಂದ ಸಣ್ಣ ಮೇಣದ ಬತ್ತಿ ಹೊತ್ತಿಸಿಕೊಂಡು ಬಂದು ಪಕ್ಕದಲ್ಲಿ ನಿಂತ. ದರ್ಜಿ ಆಮೇಲೆ ಕೊನೆಯ ಬೆಂಚಿಗೆ ಹೋಗಲಿಲ್ಲ, ಕೊನೆಯ ಹಾಡು ಮುಗಿಯುವವರೆಗೂ ಅಲ್ಲೇ ನಿಂತ.

ಚರ್ಚಿನ ಹಿಂದಿನ ಹಾಲಿನಲ್ಲಿ ಚಹಾ, ಕೇಕು. ಉದ್ದ ಮೇಜು, ಕಾಗದದ ತಟ್ಟೆ, ಮಡಚುವ ಕುರ್ಚಿಗಳ ಕರಕರ. ಒಬ್ಬೊಬ್ಬರಾಗಿ ಬಂದು ಅವನ ಬೆನ್ನು ತಟ್ಟಿ ಹೋದರು. "ನನ್ನ ಪ್ಯಾಂಟಲ್ಲಿ ಏನೂ ಬಿಟ್ಟಿಲ್ಲ ತಾನೆ?" ಎಂದು ಒಬ್ಬ ಕೇಳಿದ, "ನಿಮ್ಮ ಪ್ಯಾಂಟಲ್ಲಿ ಜಾಗ ಎಲ್ಲಿದೆ?" ಎಂದ ಇವನು, ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆರಗಾದ. ಎಷ್ಟು ದಿನವಾಗಿತ್ತು ಹೀಗೆ ಆಡಿ! ಮಗು ಕೈಯಿಂದ ಕೈಗೆ ಸಾಗುತ್ತ ಇಡೀ ಹಾಲನ್ನು ಒಂದು ಸುತ್ತು ಹಾಕಿ ಅವನ ಕೈಗೆ ಬಂದು ನಿದ್ದೆ ಹೋಯಿತು. ಪಕ್ಕದ ಕುರ್ಚಿ ಎಳೆದುಕೊಂಡು ತಮ್ಮ ಕೂತ.

"ಪಿನ್ನು ಕೊಡು," ಎಂದ ಅಣ್ಣ.

"ಕೊಡಲ್ಲ. ನನ್ನ ಹತ್ರಾನೇ ಇರಲಿ. ನೀನು ಎಣಿಸ್ದಾಗೆಲ್ಲ ಒಂದು ಕಮ್ಮಿ ಬರಲಿ. ಆಗಲಾದ್ರೂ ಮನೆ ಕಡೆ ಬರ್ತೀಯ."

ದರ್ಜಿ ನಕ್ಕ. ಚಹಾದ ಲೋಟ ಕೆಳಗಿಟ್ಟ. ಆಮೇಲೆ, ಬೆಳಗಿನಿಂದ ಒಂದು ಒಪ್ಪಿಕೊಂಡಾಗಿದೆ, ಇನ್ನೊಂದಕ್ಕೇನು ಎಂಬ ಧೈರ್ಯದಿಂದ, ಮಗುವಿನ ಮುಖದ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದ. "ಅಪ್ಪನ ಅಳತೆ ನಾನು ತಗೊಳ್ಳಲೇ ಇಲ್ಲ ಕಣೋ. ಕೋಣೆ ತನಕ ಹೋದೆ. ಮುಟ್ಟಕ್ಕಾಗ್ಲಿಲ್ಲ. ಹಳೇ ಪುಸ್ತಕ ನೋಡಿ ಹೊಲಿದೆ. ಅದಕ್ಕೇ ಗಿಡ್ಡ ಆಯ್ತು. ನೀನು ಹೇಳಿದ್ದು ನಿಜಾನೇ."

ತಮ್ಮ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಹಾಲಿನ ಆಚೆ ಕೊನೆಯಲ್ಲಿ ಕಾಜಾ ಅತ್ತೆ ಯಾರಿಗೋ ಜೋರಾಗಿ ಕತೆ ಹೇಳುತ್ತಿದ್ದಳು, ಅದರಲ್ಲಿ ಈಗಾಗಲೇ ಸೂಜಿಗಳು ಮೂರಾಗಿದ್ದವು.

"ನಾನು ತೋಳು ಯಾಕೆ ನೋಡಿದೆ ಗೊತ್ತಾ?" ಎಂದ ತಮ್ಮ. "ಮುಖ ನೋಡಕ್ಕಾಗ್ಲಿಲ್ಲ. ಎಲ್ಲರೂ ಮುಖ ನೋಡ್ತಿದ್ರು, ನಂಗೆ ಕಣ್ಣೆತ್ತಕ್ಕೇ ಆಗ್ಲಿಲ್ಲ. ತೋಳನ್ನೇ ನೋಡ್ತಾ ನಿಂತೆ. ಏನಾದ್ರೂ ಮಾತಾಡ್ದಿದ್ರೆ ಅಲ್ಲೇ ಬಿದ್ದುಬಿಡ್ತೀನಿ ಅನ್ನಿಸ್ತು. ಕಣ್ಣಿಗೆ ಕಂಡಿದ್ದು ಬಾಯಿಗೆ ಬಂತು."

ದರ್ಜಿಯ ಕಣ್ಣು ತುಂಬಿ ಬಂತು. ಕೈಯಲ್ಲಿ ಮಗು ಇದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ. ಆರು ವರ್ಷ. ಒಬ್ಬನಿಗೆ ಮುಟ್ಟಲಾಗಲಿಲ್ಲ, ಇನ್ನೊಬ್ಬನಿಗೆ ನೋಡಲಾಗಲಿಲ್ಲ, ನಡುವೆ ಎರಡು ಬೆರಳು ಬಟ್ಟೆ. ಅಯ್ಯೋ ಹುಚ್ಚಪ್ಪಗಳಿರಾ ಎಂದು ಅಪ್ಪ ಅಂದಿರುತ್ತಿದ್ದ. ತಮ್ಮ ತನ್ನ ಕರವಸ್ತ್ರ ತೆಗೆದು, ಮಗುವಿನ ಮೂಗು ಒರೆಸುವಷ್ಟೇ ಸಲೀಸಾಗಿ ಅಣ್ಣನ ಕೆನ್ನೆ ಒರೆಸಿದ.

"ಭಾವಾ, ಈ ಅಂಗಿ ಇನ್ನೊಂದು ತಿಂಗಳು ಬಂದ್ರೆ ಹೆಚ್ಚು," ಎನ್ನುತ್ತ ತಮ್ಮನ ಹೆಂಡತಿ ಬಂದಳು. "ದಿನಾ ಬೆಳೀತಿದಾಳೆ ಇವಳು."

"ಹಾಗಾದ್ರೆ ಇನ್ನೊಂದು ಹೊಲಿಯೋಣ," ಎಂದ ದರ್ಜಿ. ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಒಳಜೇಬಿನಿಂದ ದಾರದ ಸುರುಳಿ ತೆಗೆದ. ಎದೆಯ ಸುತ್ತ ಹಿಡಿದು ನೋಡಿದ. ತಮ್ಮ ಹಾಕಿದ್ದ ಗಂಟು ಆಗಲೇ ಸಾಲದಾಗಿತ್ತು. ಹೊಸ ಗಂಟು ಹಾಕಿದ. ಕತ್ತಿನಿಂದ ಪಾದಕ್ಕೆ ಹಿಡಿದ. ಎಡಗೈಯನ್ನು ಮೆಲ್ಲಗೆ ಬಿಡಿಸಿ, ಹೆಗಲಿನಿಂದ ಮಣಿಕಟ್ಟಿಗೆ ದಾರ ಎಳೆದು ಗಂಟು ಹಾಕಿದ. ಮಗು ಬೆಚ್ಚಲಿಲ್ಲ.

"ಮುಗೀತಲ್ಲ, ಇನ್ನೇನು?" ಎಂದ ತಮ್ಮ, ಅಣ್ಣ ದಾರವನ್ನು ಇನ್ನೂ ಮಡಿಸದೆ ಕೂತದ್ದನ್ನು ನೋಡಿ.

"ತಡಿ," ಎಂದು ದರ್ಜಿ ಮಗುವಿನ ಬಲಗೈಯನ್ನೂ ಎತ್ತಿಕೊಂಡು ಅಳೆದ.